ಗುಂಯ್‌ಗುಡುವ ಅಡಾಪ್ಟರ್

ಶಿರಾದ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ತಿಪ್ಪೇರುದ್ರ ಒಂದು ಕಡೆ ಕೂತವನಲ್ಲ. ಗಿಟಾರಿನ ದನಿ ಬದಲಿಸಲು ಅವನು ಕಾಲಲ್ಲಿ ಒತ್ತುವ ಪೆಡಲ್‌ಗಳಿಗೆ ಕರೆಂಟ್ ಕೊಡುವ ಅಡಾಪ್ಟರ್ ಸ್ಪೀಕರಿನಲ್ಲಿ ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ. ಮಧುಗಿರಿಯ ಮೊಬೈಲ್ ಅಂಗಡಿಯವನಾಗಲಿ, ಪಾವಗಡದ ರೇಡಿಯೋ ರಿಪೇರಿಯವನಾಗಲಿ, ಕಂಡವರಿಗೆಲ್ಲ ಒಂದೇ ಪ್ರಶ್ನೆ: "ಒಂದೊಂದು ಪೆಡಲ್‌ಗೂ ಬ್ಯಾರೆ ಬ್ಯಾರೆ ಲೈನ್ ಕೊಡೋ ಬಾಕ್ಸ್ ಐತಾ? ಸದ್ದೇ ಬರಬಾರ್ದು." ಅತ್ತ ಆರತಕ್ಷತೆಗೆ ಜನ ಸಾಲು ನಿಂತಿದ್ದರೆ ಇತ್ತ ಇವನು ವೇದಿಕೆಯಡಿ ತಲೆ ತೂರಿಸಿ ಪ್ಲಗ್ ತಿರುಗಿಸುತ್ತಿರುತ್ತಾನೆ, ಊಟದ ಎಲೆಯ ಮುಂದೆಯೂ ವೋಲ್ಟಿನ ಮಾತೇ. ಬಸ್ಸಿನಲ್ಲಿ ಅವನ ಪಕ್ಕ ಕೂರುವುದು ಯಾರಿಗೂ ಬೇಡ. "ಇನ್ನೂ ಸಿಕ್ಕಿಲ್ವೇನ್ಲಾ?" ಎಂದು ತಂಡದ ಹಾಡುಗಾರ್ತಿ ಪುಟ್ಟಕ್ಕ ಕೇಳಿದರೆ, "ಒಳ್ಳೇದು ಎಲ್ಲೈತೆ ಬುಡಕ್ಕ" ಎನ್ನುತ್ತಾನೆ. ಆದರೆ ಅಂಥ ಬಾಕ್ಸ್ ಹೋದ ವರ್ಷದಿಂದಲೂ ಅವನ ಚೀಲದ ತಳದಲ್ಲೇ ಇದೆ. ತಂದ ಹೊಸತರಲ್ಲಿ ಬಡವನಹಳ್ಳಿಯ ಮದುವೆಯಲ್ಲಿ ಅದನ್ನು ಹಾಕಿದಾಗ ಸ್ಪೀಕರಿನ ಗುಂಯ್ ಸದ್ದು ಪೂರ್ತಿ ನಿಂತಿತು. ಹಾಡಲು ಬಾಯಿ ತೆರೆದ ಪುಟ್ಟಕ್ಕ ಹಾಗೇ ನಿಂತಳು. ಇಷ್ಟು ವರ್ಷ ತಾನು ಶ್ರುತಿ ಹಿಡಿಯುತ್ತಿದ್ದುದು ಆ ಗುಂಯ್ ಸದ್ದಿನಿಂದ ಎಂಬುದು ಅವಳಿಗೇ ಗೊತ್ತಿರಲಿಲ್ಲ, ಇವನಿಗೆ ಗೊತ್ತಾಯಿತು. "ವಯಸ್ಸಾಯ್ತು ಕಣ್ಲಾ, ಸ್ವರ ಸಿಗ್ತಿಲ್ಲ" ಎಂದಳು. ಅವನು ಬಗ್ಗಿ ಹಳೇ ಅಡಾಪ್ಟರನ್ನೇ ಸಿಕ್ಕಿಸಿ, ಮಂಟಪದ ದೀಪಗಳೆಲ್ಲ ಝಗಝಗ ಉರಿಯುತ್ತಿರುವಾಗಲೇ, "ಕರೆಂಟ್ ಹೋಗಿತ್ತು ಕಣಕ್ಕ, ಈಗ ಬಂತು, ಹಾಡು" ಎಂದ.