ಅಳಿಸಿದ ಕೊನೇ ಸಾಲು

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನು ಗುಮಾಸ್ತ. ಹರಾಜು ಮುಗಿದ ಮೇಲೆ ಆ ದಿನದ ಧಾರಣೆ ಫೈಲನ್ನು ತುರುವೇಕೆರೆ ಶಾಖೆಗೆ ಕಳಿಸೋದು ನನ್ನ ಕೆಲಸ. ಕಪ್ಪು ಪರದೆಯ ಹಳೇ ಪ್ರೋಗ್ರಾಂ ಒಂದೊಂದೇ ಪ್ರಶ್ನೆ ಕೇಳುತ್ತೆ, ಪ್ರತಿಯೊಂದಕ್ಕೂ ಉತ್ತರ ಟೈಪ್ ಮಾಡಬೇಕು. ಅದು ಬರುತ್ತಿದ್ದದ್ದು ನನಗೊಬ್ಬನಿಗೇ. ಅದಕ್ಕೇ ಯಜಮಾನರು ಮೊದಲ ಕಾಫಿ ನನಗೆ ಕೊಡಿಸುತ್ತಿದ್ದರು.

ತೂಕದ ಯಂತ್ರಗಳ ರಿಪೇರಿಗೆಂದು ವಾರದ ಮಟ್ಟಿಗೆ ಬಂದ ರಹಮತ್ ಸಾಬರು ಇದನ್ನು ನೋಡಿ, ನನ್ನ ಉತ್ತರಗಳನ್ನೆಲ್ಲ ಒಂದು ಫೈಲಿನಲ್ಲಿ ಸಾಲಾಗಿ ಬರೆದರು. ಪ್ರೋಗ್ರಾಂ ಕೀಬೋರ್ಡಿನ ಬದಲು ಆ ಫೈಲನ್ನೇ ಓದಿಕೊಳ್ಳುವಂತೆ, ಪರದೆ ಮೇಲೆ ಹೇಳೋದನ್ನೆಲ್ಲ ಇನ್ನೊಂದು ಫೈಲಿಗೆ ಬರೆದಿಡುವಂತೆ ಮಾಡಿದರು. ಒಂದು ಗುಂಡಿ ಒತ್ತಿದರೆ ಮುಗೀತು. ಮಾರನೇ ದಿನದಿಂದ ಮೊದಲ ಕಾಫಿ ಸಾಬರಿಗೆ.

ಹೊಟ್ಟೆ ಉರಿದುಹೋಯ್ತು. ಮೂರನೇ ದಿನ ಯಾರೂ ಇಲ್ಲದಾಗ ಅವರ ಉತ್ತರದ ಫೈಲಿನಲ್ಲಿ ಕೊನೆಗಿದ್ದ 'ಹೌದು' ಅನ್ನೋ ಸಾಲನ್ನು ಅಳಿಸಿಬಿಟ್ಟೆ. ಧಾರಣೆ ಹೋಗಲಿಲ್ಲ.

"ನಾನು ಮೊದಲೇ ಹೇಳಲಿಲ್ವಾ ಯಜಮಾನ್ರೇ, ಇದೆಲ್ಲ ಕೈಯಲ್ಲೇ ಮಾಡಬೇಕು ಕಣ್ರೀ" ಅಂದೆ.

ಪ್ರೋಗ್ರಾಂ ತಾನು ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದ ಆ ಇನ್ನೊಂದು ಫೈಲನ್ನು ಸಾಬರು ತೆರೆದು ಓದಿದರು. "ಹಳೇ ಫೈಲ್ ತೆಗೆದು ಹೊಸದು ಹಾಕಲಾ ಅಂತ ಕೇಳೈತೆ. ಜವಾಬು ಸಿಕ್ಕಿಲ್ಲ. ನೆನ್ನೆ ಸಿಕ್ಕಿತ್ತು."

ಆಮೇಲೆ ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಕೊಬ್ಬರಿ ಚೀಲ ನೋಡಿದೆ.

"ಒಂದು ಸಾಲು ಅಳಿಸೋಗೈತೆ ಬುಡಿ. ನಂದೇ ಕೈತಪ್ಪು" ಅಂದರು.

ಎಂಥ ದೊಡ್ಡ ಮನುಷ್ಯ ಅಂತ ಯಜಮಾನರು ಅವತ್ತು ಕಾಫಿ ಜೊತೆ ವಡೇನೂ ತರಿಸಿದರು. ಅವರಿಗೆ.