ಅತ್ತೆಯ ತಂಬಾಕಿನ ಹದ

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿನ ತುದಿ ಹುರಿದ ಹುಣಸೆಬೀಜದ ಬಣ್ಣಕ್ಕಿತ್ತು. ಚಿಲುಮೆಯ ಬಾಯಿಗೆ ತಂಬಾಕು ತುಂಬಿ, ಮೇಲೆ ಒಲೆಯ ಕೆಂಡವನ್ನು ಬರಿಗೈಯಲ್ಲೇ ಇಟ್ಟು, ಒತ್ತಿ ಒತ್ತಿ ಆ ಬೆರಳಿಗೆ ಬಿಸಿ ತಾಗುವುದೇ ನಿಂತುಹೋಗಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ಇಳಕಲ್ ಸೀರೆ, ಅದರ ಸೆರಗಿನಲ್ಲಿ ಕಿಡಿ ಬಿದ್ದು ಆದ ಸಣ್ಣ ಸಣ್ಣ ತೂತುಗಳು. ಊರಿಗೆಲ್ಲ ಸೀರೆ ಮಾರುವವನ ಅಕ್ಕ ತೂತು ಬಿದ್ದ ಸೀರೆ ಉಟ್ಟು ಓಡಾಡುತ್ತಾಳಲ್ಲ ಎಂದು ಅಪ್ಪ ಕುದಿಯುತ್ತಿದ್ದ. ಅತ್ತೆ ಆ ತೂತುಗಳಿಗೆ ಎದ್ದು ಕಾಣುವ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿಕೊಳ್ಳುತ್ತಿದ್ದಳು.

ಇದನ್ನು ಬರೆಯುತ್ತಿದ್ದೇನೆ ಎಂದಾಗ ನಮ್ಮ ಬಳಗದವರಿಗೆ ಇರಿಸುಮುರಿಸಾಯಿತು. ಅತ್ತೆಯ ಪೂಜೆ, ದಾಸೋಹ, ಕೈಯಡುಗೆ ಇವುಗಳ ಬಗ್ಗೆ ಬರಿ, ಆ ಚಿಲುಮೆಯ ಸುದ್ದಿ ಯಾಕೆ ಎಂದರು. ಪೂಜೆ ಮಾಡುವ ಹೆಂಗಸರು ಎಲ್ಲರ ಮನೆಯಲ್ಲೂ ಇದ್ದರು. ಚಿಲುಮೆ ಸೇದುವವಳು ನಮ್ಮ ಮನೆಯಲ್ಲಿ ಮಾತ್ರ ಇದ್ದಳು. ತಂಬಾಕು ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಕೊನೆಗೆ ಅವಳ ಎದೆಯನ್ನು ತಿಂದು ಹಾಕಿದ್ದೂ ಅದೇ. ಆದರೆ ಅವಳಿಂದ ಚಿಲುಮೆ ಕಿತ್ತುಕೊಂಡು ಬರೆದರೆ ಅದು ಅತ್ತೆಯ ಬಗ್ಗೆ ಬರೆದಂತಾಗುವುದಿಲ್ಲ.

ಅವಳನ್ನು ಹುನಗುಂದಕ್ಕೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡ. ಇಳಕಲ್ಲಿನ ತವರುಮನೆಗೆ ಮರಳಿದಾಗ ಟ್ರಂಕಿನಲ್ಲಿ ಅವನ ಚಿಲುಮೆ ಮತ್ತು ತಂಬಾಕಿನ ಚೀಲ ಇದ್ದವು. ಮುಂದಿನದನ್ನು ಅವಳೇ ನಗುತ್ತ ಹೇಳುತ್ತಿದ್ದಳು: “ಅವರ ನೆನಪಿಗಂತ ಒಂದ ಸಲ ಸೇದಿದ್ನಿ. ಥೂ! ಹಸಿ ಸೆಗಣಿ ಕುಳ್ಳು ಸುಟ್ಟಂಗಿತ್ತು. ನನ್ನ ಗಂಡ ಭಾಳ ಚೊಲೊ ಮನಶ್ಯಾ. ಅವರ ತಂಬಾಕು ಮಾತ್ರ ನನಗ ಆಗಿಬರಲಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಅತ್ತೆ ತನಗೆ ಆಗಿಬರುವ ತಂಬಾಕು ಯಾವುದೆಂದು ಹುಡುಕಲು ಹೊರಟಳು. ನಿಪ್ಪಾಣಿಯ ಎಲೆ ತರಿಸಿದಳು, ಅದು ಗಂಟಲು ಕೆರೆಯಿತು. ಗುಂಟೂರಿನ ತಿಳಿ ಎಲೆ ತರಿಸಿದಳು, ಅದರಲ್ಲಿ ಸೊಗಸೇ ಇರಲಿಲ್ಲ. ಎರಡನ್ನೂ ಕೂಡಿಸಿದಳು. ಲವಂಗ ಹಾಕಿ ನೋಡಿ, “ದವಾಖಾನಿಯೊಳಗ ಕುಂತಂಗ ಆತು” ಎಂದು ಚೆಲ್ಲಿದಳು. ಗುಲಾಬಿ ಎಸಳು ಹಾಕಿದಾಗ, “ಯಾರದೋ ಲಗ್ನದಾಗಿನ ಪನ್ನೀರ ಕುಡದಂಗ” ಎಂದು ಅದನ್ನೂ ಚೆಲ್ಲಿದಳು. ಕೊನೆಗೆ ಎರಡೂ ಎಲೆಗಳ ಮಿಶ್ರಣಕ್ಕೆ ಜೋನಿಬೆಲ್ಲದ ನೀರು ಚಿಮುಕಿಸಿ, ಚೂರು ಬಡೇಸೋಪಿನ ಪುಡಿ ಬೆರೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಗಡಿಗೆಯಲ್ಲಿಟ್ಟು ಮಾಗಿಸಿದ್ದು ಅವಳ ನಾಲಿಗೆಗೆ ಒಪ್ಪಿತು. ಬೇಸಿಗೆಯಲ್ಲಿ ಬೆಲ್ಲ ಕಡಿಮೆ ಮಾಡುತ್ತಿದ್ದಳು. ನಾನು ತಿಳಿವಳಿಕೆ ಬಂದು ನೋಡುವ ಹೊತ್ತಿಗೆ ಈ ಹದ ಗಟ್ಟಿಯಾಗಿ ನಿಂತಿತ್ತು, ಅವಳು ಗಡಿಗೆ ತೆರೆದರೆ ಪಡಸಾಲೆಯವರೆಗೆ ಗೊತ್ತಾಗುತ್ತಿತ್ತು.

ನಾನು ಬಾಗಲಕೋಟೆಯಲ್ಲಿ ಟೀಚರ್ ಟ್ರೇನಿಂಗಿಗೆ ಸೇರಿದಾಗ ಅತ್ತೆ ನನ್ನನ್ನು ಹಾಸ್ಟೆಲಿಗೆ ಬಿಡುವ ನೆಪದಲ್ಲಿ ಬಸ್ಸು ಹತ್ತಿ ಬಂದು ಅಲ್ಲಿನ ತಂಬಾಕಿನ ಅಂಗಡಿಗೆ ಹೋಗುತ್ತಿದ್ದಳು. ಮೊದಲ ಸಲ ಅಂಗಡಿಯವನು, “ಯಜಮಾನ್ರಿಗೆ ಯಾವ ನಮೂನಿ ಬೇಕ್ರಿ ಅವ್ವಾರ? ಕಡಕ್ಕೋ, ಸಾದಾನೋ?” ಎಂದ.

“ಯಜಮಾನ ನಾನ ಅದೇನಿ. ಎರಡೂ ತೋರಸು” ಎಂದಳು ಅತ್ತೆ.

ಅವನ ಬಾಯಿ ಮುಚ್ಚುವ ಮೊದಲೇ ಅವಳು ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಮೂಸಿ, ಚೂರೊಂದನ್ನು ನಾಲಿಗೆಯ ತುದಿಗೆ ಇಟ್ಟುಕೊಂಡಾಗಿತ್ತು. “ಊರ ಮಂದಿ ಎಲ್ಲಾ ಇದನ್ನ ಒಯ್ತಾರ್ರಿ” ಎಂದು ಅವನು ಒಂದು ಡಬ್ಬಿ ಮುಂದೆ ತಳ್ಳಿದ. “ಹಂಗಾರ ಊರ ಮಂದಿಗೇ ಕೊಡು” ಎಂದು ಅವಳು ಅದನ್ನು ಹಿಂದಕ್ಕೆ ತಳ್ಳಿದಳು.

ನನಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ನಾನು ಯಾವುದಕ್ಕೂ ಎದುರಾಡುವ ಹುಡುಗಿ ಆಗಿರಲಿಲ್ಲ. ಯಾವ ಬಣ್ಣದ ಸೀರೆ ಬೇಕು ಎಂದರೆ ಅಪ್ಪನ ಮುಖ ನೋಡುತ್ತಿದ್ದೆ. ಅತ್ತೆಗೆ ನನ್ನ ಈ ಗುಣ ಕಂಡರೆ ಮೈಯೆಲ್ಲ ಉರಿ. ಪಲ್ಲೆಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳುತ್ತಿದ್ದಳು. ಅಪ್ಪನಿಗೆ ಸೇರಿತು ಎಂದು ನಾನು ಹೇಳಿದರೆ ತಟ್ಟೆ ಕುಕ್ಕುತ್ತಿದ್ದಳು. “ನಿಮ್ಮಪ್ಪನ ನಾಲಿಗಿ ನಿನ್ನ ಬಾಯಾಗ ಐತೇನು? ನಿನಗ ಹೆಂಗ ಅನಸ್ತು, ಅದನ್ನ ಹೇಳು.”

ಟ್ರೇನಿಂಗ್ ಮುಗಿದು ರಾಮಥಾಳದ ಶಾಲೆಗೆ ನನಗೆ ನೌಕರಿಯ ಆರ್ಡರ್ ಬಂತು. ಅದೇ ವಾರ ಬಾಗಲಕೋಟೆಯಿಂದ ಒಂದು ಸಂಬಂಧವೂ ಬಂತು. ದಲಾಲಿ, ಅಡತಿ ವ್ಯಾಪಾರದ ದೊಡ್ಡ ಮನೆತನ. ಸೊಸೆ ನೌಕರಿ ಮಾಡಬಾರದು ಎಂಬುದು ಅವರ ಒಂದೇ ಮಾತು. ಅಪ್ಪ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟ. ನನಗೆ ಆ ಶಾಲೆ ಬೇಕಾಗಿತ್ತು. ಇನ್ನೂ ಕಾಣದ ಆ ಶಾಲೆಯ ಕರಿಹಲಗೆ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಅಡುಗೆಮನೆಯಲ್ಲಿ ನನ್ನ ಮುಖವನ್ನು ತನ್ನತ್ತ ತಿರುಗಿಸಿಕೊಂಡು ಅತ್ತೆ ದಿನವೂ, “ನಿನಗ ಹೆಂಗ ಅನಸ್ತು?” ಎಂದು ಕೇಳುವಳು. ನಾನು ಹೆಚ್ಚಲು ಇನ್ನೊಂದು ಈರುಳ್ಳಿ ಕೈಗೆತ್ತಿಕೊಳ್ಳುತ್ತಿದ್ದೆ.

ಅವರು ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯಲ್ಲಿ ಇದ್ದು ಬಾ ಎಂದು ಅಪ್ಪ ಅತ್ತೆಗೆ ಹೇಳಿದ. “ಹುಟ್ಟಿದ ಮನ್ಯಾಗ ಇರಾಕ ಯಾರ ಅಪ್ಪಣಿ ಬೇಕೋ ನನಗ?” ಎಂದಳು. ಕೊನೆಗೆ ಹಿತ್ತಲಲ್ಲಿ ಕೂರಲು ಒಪ್ಪಿದಳು. ಸೇದುವುದಿಲ್ಲ ಎಂದು ಮಾತ್ರ ಮಾತು ಕೊಡಲಿಲ್ಲ.

ಹುಡುಗನ ತಂದೆ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವಾಗ ಹಿತ್ತಲಿನಿಂದ ಹೊಗೆ ತೇಲಿ ಬಂತು. ಆತನೂ ಚಿಲುಮೆಯ ಆಸಾಮಿ. ಮೂಗರಳಿಸಿ, “ಆಹಾ, ಯಾರ್ರಿ ಇದು ಸೇದೂದು? ಭಾಳ ಚೊಲೊ ಹದ ಐತಿ” ಎಂದ. ಅಪ್ಪ ಬೆವೆತು, “ನಮ್ಮ ಮನಿ ಹಿರಿಯಾರ್ರಿ. ಮೈಯಾಗ ಆರಾಮಿಲ್ಲ, ಹಿಂದ ಕುಂತಾರ” ಎಂದ. ಹಿರಿಯರು ಆರಾಮಿಲ್ಲವೆಂದರೆ ಬಂದವರು ಮಾತಾಡಿಸದೆ ಹೋಗುವುದುಂಟೆ? ಆತ ಎದ್ದೇಬಿಟ್ಟ, ಅಪ್ಪ ಹಿಂದೆ ಓಡಿದ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಚಿಲುಮೆ ಹಿಡಿದು ಕೂತಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದೆ.

ಆತ ಒಂದು ಕ್ಷಣ ಬೆಪ್ಪಾದ, ಆಮೇಲೆ ದೊಡ್ಡದಾಗಿ ನಕ್ಕ. ಅತ್ತೆ ಎದ್ದು ಕಲ್ಲು ಬಿಟ್ಟುಕೊಟ್ಟಳು. ಮನೆಗೆ ಬಂದ ಸೇದುವವರಿಗೆ ಮನೆಯ ತಂಬಾಕು ತುಂಬಿ ಕೊಡುವುದು ನಮ್ಮ ಕಡೆಯ ರಿವಾಜು. ಬಂದವರು ಅದರಲ್ಲಿ ಒಂದಾದರೂ ದಮ್ಮು ಎಳೆಯಬೇಕು, ತಮ್ಮದನ್ನು ಆಮೇಲೆ ತೆಗೆಯಬೇಕು. ಅತ್ತೆ ಇನ್ನೊಂದು ಚಿಲುಮೆ ತೊಳೆದು, ತುಂಬಿ, ಕೆಂಡ ಇಡುವ ಮೊದಲು ಆತನ ಕೈಗೆ ಕೊಟ್ಟಳು. ಆತ ಅದನ್ನು ಇಸಿದುಕೊಂಡು ಕಲ್ಲಿಗೆ ಟಪಟಪ ಬಡಿದು ತಂಬಾಕನ್ನೆಲ್ಲ ಕೆಡವಿದ. ಜೇಬಿನಿಂದ ಹಿತ್ತಾಳೆ ಡಬ್ಬಿ ತೆಗೆದು ತನ್ನದನ್ನು ತುಂಬಿದ.

“ಹೆಣ್ಮಕ್ಕಳ ಕೈ ಹದ ನಮಗ ನಡಿಯೂದಿಲ್ರಿ” ಎಂದ.

“ಅಲ್ರಿ, ಪಡಸಾಲ್ಯಾಗ ಚೊಲೊ ಇದ್ದದ್ದು ಹಿತ್ತಲಕ್ಕ ಬರೂದ್ರಾಗ ಕೆಟ್ಟತೇನು?” ಎಂದಳು ಅತ್ತೆ.

ಆತ ಅದನ್ನು ಕಿವಿಗೆ ಹಾಕಿಕೊಳ್ಳದೆ ನನ್ನತ್ತ ಡಬ್ಬಿ ತೋರಿಸಿದ. “ನಮ್ಮ ಮನ್ಯಾಗ ಎಲ್ಲಾರದೂ ನಂದ ಹದಾ. ಈ ಹುಡುಗೀನೂ ನೌಕರಿ ಪೌಕರಿ ಮರತು ನಾಕ ದಿನದಾಗ ಹದಕ್ಕ ಬರ್ತಾಳ ತಗೋರಿ.”

ಅತ್ತೆ ಕೆಳಗೆ ಬಿದ್ದ ತನ್ನ ತಂಬಾಕನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು. “ಕೇಳಿದೇನು? ನಿನಗ ಹೆಂಗ ಅನಸ್ತು?”

ಅಪ್ಪ ಕಣ್ಣಲ್ಲೇ ಗದರಿಸುತ್ತಿದ್ದ. “ನನಗ ಬ್ಯಾಡ” ಎಂದೆ.

“ಕೇಳಸ್ಲಿಲ್ಲ” ಎಂದಳು ಅತ್ತೆ.

“ನನಗ ಬ್ಯಾಡ್ರಿ ಈ ಲಗ್ನ. ನಾ ಸಾಲಿಗಿ ಹೋಗ್ತೇನಿ.”

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಅಪ್ಪ ಹಿತ್ತಲಿಗೆ ಬಂದು ಅತ್ತೆಯ ಕೈಯಿಂದ ಚಿಲುಮೆ ಕಸಿದು ಗೋಡೆಗೆ ಒಗೆದ. ಅವಳ ಗಂಡನ ಚಿಲುಮೆ ಅದು. ಅತ್ತೆ ಚೂರುಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು, ಅತ್ತಳು ಕೂಡ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಂತೆಯ ದಿನ ಕುಂಬಾರರಿಂದ ಹೊಸ ಚಿಲುಮೆ ತಂದಳು. ಅಲ್ಲಿಯವರೆಗೆ ಹಿತ್ತಲಲ್ಲಿ ಸೇದುತ್ತಿದ್ದವಳು ಅಂದು ಸಂಜೆ ಬೀದಿಯ ಕಟ್ಟೆಯ ಮೇಲೆ, ಎಲ್ಲರೂ ಕಾಣುವಂತೆ ಕೂತು ಸೇದಿದಳು. ಓಣಿಯ ಮಂದಿ ಆಡಿಕೊಂಡರು. ತಮ್ಮನ ಮಗಳ ಲಗ್ನ ಮುರಿದ ಮುಂಡೆ ಎಂದರು. ಅವಳು ಅಲ್ಲಿಂದ ಏಳಲಿಲ್ಲ.

ನಾನು ರಾಮಥಾಳಕ್ಕೆ ಹೋದೆ. ಕೆಲವು ವರ್ಷಗಳ ಮೇಲೆ, ನೌಕರಿ ಬಿಡು ಎನ್ನದ ಒಬ್ಬರನ್ನು ನಾನೇ ನೋಡಿ ಮದುವೆಯಾದೆ. ಈವತ್ತು ನನ್ನ ಕೈಗೆ ಬರುವ ಪೆನ್ಷನ್ನು, ನನ್ನ ಬಾಯಲ್ಲಿರುವ ಮಾತು, ಎರಡೂ ಆ ಹಿತ್ತಲಿನ ಕಲ್ಲಿನಿಂದ ಬಂದವು. ಇದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅತ್ತೆ ತೀರಿಕೊಂಡಳು. ಕೆಮ್ಮು ಹೆಚ್ಚಾಗಿ ಡಾಕ್ಟರು ಬಿಡಿ ಎಂದಿದ್ದರು. ನಾನೂ ಕಾಲು ಹಿಡಿದು ಕೇಳಿಕೊಂಡಿದ್ದೆ. “ಬಿಡೂದು ಹಿಡಿಯೂದು ನನಗ ಬಿಡು” ಎಂದಿದ್ದಳು. ಮೈ ತೊಳೆಯುವಾಗ ಹೆಂಗಸರು ಆ ಹೆಬ್ಬೆರಳನ್ನು ಸೀಗೆಪುಡಿ ಹಾಕಿ ಉಜ್ಜಿದರು. ಬಣ್ಣ ಹೋಗಲಿಲ್ಲ. ಸಾಕು ಬಿಡಿ ಎಂದು ನಾನೇ ಅವರ ಕೈ ಹಿಡಿದೆ.

ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟಾಗ ಅಪ್ಪ ಒಳಗಿನಿಂದ ಬಂದ. ಕೈಯಲ್ಲಿ ಅವಳ ಚಿಲುಮೆ. ತುಂಬಿ ತಂದಿದ್ದ. “ನಮ್ಮಕ್ಕಗ ಇದಿಲ್ಲದ ಆಗೂದಿಲ್ಲ” ಎಂದು ಅದನ್ನು ನನ್ನತ್ತ ಚಾಚಿದ. ನಾನು ಇಸಿದುಕೊಂಡು ಮೂಸಿದೆ. ಓಣಿಯ ತುದಿಯ ಅಂಗಡಿಯ ತಂಬಾಕು.

“ಅಪ್ಪಾ, ಇದು ಅಕಿದಲ್ಲ” ಎಂದೆ.

ಹೊಸ್ತಿಲಿಗೆ ಬಡಿದು ಅದನ್ನು ಕೆಡವಿದೆ. ಗಡಿಗೆ ತೆರೆದು, ಒದ್ದೆ ಬಟ್ಟೆ ಬಿಚ್ಚಿ, ಅವಳದನ್ನೇ ತುಂಬಿದೆ. ಮಂದಿಯ ನಡುವಿನಿಂದ ಹಿರಿಯರೊಬ್ಬರು, “ಏನವ್ವಾ ಇದು? ಲಿಂಗ ಹಿಡದ ಕೈಗೆ ಚಿಲಿಮಿ ಕೊಡ್ತೀ ಏನು?” ಎಂದು ಗದರಿದರು.

“ಲಿಂಗ ಎಡಗೈಯಾಗ ಐತ್ರಿ. ಬಲಗೈ ಖಾಲಿ ಐತಿ” ಎಂದೆ.

ನಾನು ಚಿಲುಮೆಯನ್ನು ಆ ಬಲಗೈಯಲ್ಲಿಟ್ಟು, ಕಂದು ಹೆಬ್ಬೆರಳನ್ನು ತಂಬಾಕಿನ ಮೇಲೆ ಒತ್ತಿ ಕೂರಿಸಿದೆ.