ಎಂಜಿನ್ ಇಳಿಸದ ಕೈ

ಚಾಮರಾಜಪೇಟೆಯ ಒಂದು ಓಣಿಯಲ್ಲಿ ವೀರಭದ್ರಯ್ಯನವರ ಗ್ಯಾರೇಜು. ಅದರ ಹಿಂಬದಿಗೇ ಅವರ ಮನೆ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಅಡುಗೆಮನೆಯ ಹೊಸಿಲ ಬಳಿ ಕುಳಿತು ಕಾಫಿ ಕುಡಿಯುವುದು ಅವರ ನಲವತ್ತು ವರ್ಷಗಳ ರೂಢಿ. ಆ ದಿನ ಅವರ ಮಡದಿ ಗುರುಬಸಮ್ಮ ಸ್ಟೀಲಿನ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದು ಕೈಗಿತ್ತರು. ಒಲೆ ಆರಿಸಿ ಮರಳಿ ಬಂದಾಗಲೂ ಗಂಡ ಆ ಲೋಟವನ್ನು ಬರಿಗೈಯಲ್ಲಿ ಹಿಡಿದೇ ಕುಳಿತಿದ್ದರು.

"ಸುಡ್ತಿಲ್ವೇನ್ರೀ?"

"ಇಲ್ವಲ್ಲ. ಆರಿದೆ."

ಗುರುಬಸಮ್ಮ ಲೋಟವನ್ನು ಮುಟ್ಟಿ ಚಟ್ಟನೆ ಕೈ ಹಿಂತೆಗೆದರು. ಗಂಡನ ಬೆರಳುಗಳನ್ನು ಬಿಡಿಸಿ ನೋಡಿದರೆ ತುದಿಗಳು ಕೆಂಪೇರಿದ್ದವು. "ಸಕ್ಕರೆ ಕಾಯಿಲೆಯೋರು ಕಾಲು ನೋಡ್ಕೋಬೇಕು ಅಂದಿದ್ರು ಡಾಕ್ಟ್ರು. ನೀವು ಕೈಯಿಂದ ಶುರು ಹಚ್ಕೊಂಡ್ರಾ," ಎಂದರು. ಮಾತಿನಲ್ಲಿ ಕುಚೋದ್ಯವಿತ್ತು, ಕಣ್ಣಿನಲ್ಲಿರಲಿಲ್ಲ.

ತಿಂಗಳಿಂದ ವೀರಭದ್ರಯ್ಯನವರಿಗೂ ಇದು ತಿಳಿದಿತ್ತು. ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು ನೀರೆರೆದಾಗ ಆ ತಂಪು ಅಂಗೈಗೆ ತಾಗುತ್ತಿತ್ತು, ಬೆರಳ ತುದಿಗೆ ಮುಟ್ಟುತ್ತಿರಲಿಲ್ಲ. ಪತ್ರೆಯನ್ನು ಹಿಡಿದಿರುವೆನೋ ಇಲ್ಲವೋ ಎಂದು ಕಣ್ಣು ತೆರೆದು ನೋಡಬೇಕಾಗುತ್ತಿತ್ತು. ಶಿವನ ಮುಂದೆ ಮಾತ್ರ ಬಯಲಾಗಿದ್ದ ಈ ಸಂಗತಿಯನ್ನು ಮನುಷ್ಯರಿಗೆ ಹೇಳುವ ಪ್ರಮೇಯ ಇದುವರೆಗೆ ಬಂದಿರಲಿಲ್ಲ. ಇಂದು ಬಂದಿತ್ತು, ಏಕೆಂದರೆ ಗ್ಯಾರೇಜಿನಲ್ಲಿ ವರದರಾಜರ ಕೆಂಪು ಕಾರು ನಿಂತಿತ್ತು.

ಪರದೇಶದ ಹಡಗುಗಳಲ್ಲಿ ಎಂಜಿನಿಯರಾಗಿ ದುಡಿದು ಬಸವನಗುಡಿಗೆ ಮರಳಿದ ವರದರಾಜರು ತಮ್ಮೊಡನೆ ತಂದ ಒಂದೇ ಒಂದು ಐಷಾರಾಮವೆಂದರೆ ಆ ಇಟಲಿಯ ಕಾರು. ಎರಡೇ ಆಸನ, ಅವುಗಳ ಬೆನ್ನಿಗೇ ಅಂಟಿದಂತೆ, ಹಿಂದಿನ ಗಾಲಿಗಳ ಮುಂದೆ, ಎಂಜಿನ್ನು. ಅದರ ಉಸಿರಾಟವನ್ನು ತಾಳಕ್ಕೆ ಕೂಡಿಸುವ ಹಲ್ಲುಳ್ಳ ಎರಡು ಬೆಲ್ಟುಗಳನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಒಳಗಿನ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳು. ಹತ್ತೊಂಬತ್ತು ವರ್ಷಗಳ ಹಿಂದೆ, ಇಡೀ ಎಂಜಿನ್ನನ್ನು ಕೆಳಗಿಳಿಸದೆ ಈ ಕೆಲಸ ಆಗದೆಂದು ಎರಡು ದೊಡ್ಡ ವರ್ಕ್‌ಶಾಪಿನವರು ಕೈಚೆಲ್ಲಿದ್ದರು. ವೀರಭದ್ರಯ್ಯ ಆಸನಗಳನ್ನು ಬಿಚ್ಚಿ, ಅವುಗಳ ಹಿಂದಿನ ಗೋಡೆಯಲ್ಲಿದ್ದ ತಟ್ಟೆಯಗಲದ ಮುಚ್ಚಳವನ್ನು ತೆಗೆದು, ಆ ಕಿಂಡಿಯಲ್ಲಿ ಕೈತೂರಿಸಿ, ಕಣ್ಣಿಗೆ ಕಾಣದುದನ್ನೆಲ್ಲ ಬೆರಳಿನಿಂದಲೇ ಕಂಡು ಮೂರು ದಿನದಲ್ಲಿ ಮುಗಿಸಿಕೊಟ್ಟರು. ಅಂದಿನಿಂದ ಗಾಂಧಿಬಜಾರಿನ ಕಾಫಿಕೂಟದಲ್ಲಿ ವರದರಾಜರ ಬಾಯಲ್ಲಿ ಅವರ ಹೆಸರೇ ಬದಲಾಯಿತು: 'ಎಂಜಿನ್ ಇಳಿಸದ ವೀರಭದ್ರಯ್ಯ'.

ಆ ಬೆರಳಿನ ವಿದ್ಯೆ ಕಲಾಸಿಪಾಳ್ಯದ ಬಾಷಾ ಮೇಸ್ತ್ರಿಯ ಪ್ರಸಾದ. ಮಧ್ಯಾಹ್ನದ ಊಟವಾದ ಮೇಲೆ ಮೇಸ್ತ್ರಿಯು ಶಿಷ್ಯನ ಕಣ್ಣಿಗೆ ಗ್ರೀಸು ಒರೆಸುವ ಬಟ್ಟೆ ಕಟ್ಟಿ, ಅಂಗೈಗೆ ಒಂದೊಂದೇ ನಟ್ಟನ್ನು ಹಾಕಿ ಅದರ ಅಳತೆ ಕೇಳುತ್ತಿದ್ದರು. "ಹನ್ನೊಂದಾ, ಹದಿಮೂರಾ? ಬೇಗ ಹೇಳು. ನಿಮ್ಮಪ್ಪನ ಮೀಸೆ ಎಷ್ಟುದ್ದ ಅಂತ ಕೇಳಿಲ್ಲ, ನಟ್ ಕೇಳಿದ್ದು." ತಪ್ಪಿದರೆ ಎಲ್ಲರ ಟೀ ಲೋಟಗಳನ್ನು ತೊಳೆಯುವ ಶಿಕ್ಷೆ. ಮೊದಲ ವರ್ಷ ವೀರಭದ್ರಯ್ಯ ತೊಳೆದ ಲೋಟಗಳಿಗೆ ಲೆಕ್ಕವಿಲ್ಲ. ಎರಡನೆಯ ವರ್ಷ ತೊಳೆದದ್ದು ಒಂದೇ ಸಲ. ಅದೂ ಮೇಸ್ತ್ರಿಗೆ ಜ್ವರ ಬಂದಿತ್ತೆಂದು, ತಾವಾಗಿಯೇ. ಪೆಟ್ರೋಲಿನ ವಾಸನೆಯ ಆ ಕತ್ತಲೆಯಲ್ಲಿ ನಟ್ಟಿನ ಆರು ಮೂಲೆಗಳು ಬೆರಳಿಗೆ ತಾವೇ ಮಾತಾಡತೊಡಗಿದ ಮಧ್ಯಾಹ್ನವನ್ನು ನೆನೆದಾಗಲೆಲ್ಲ ಅವರ ಮುಖ ಈಗಲೂ ಅರಳುತ್ತಿತ್ತು.

ಆಸನಗಳನ್ನು ಆಗಲೇ ಬಿಚ್ಚಿಟ್ಟಿದ್ದ ಮನೋಹರ್, ಮೂವತ್ತು ವರ್ಷಗಳ ಜೊತೆಗಾರ, "ಬನ್ನಿ ಅಣ್ಣ, ಗರ್ಭಗುಡಿ ಬಾಗಿಲು ತೆಗ್ದಿದೀನಿ," ಎಂದ.

ವೀರಭದ್ರಯ್ಯ ಕಿಂಡಿಯೊಳಗೆ ಕೈಯಿಳಿಸಿದರು. ಬೆಲ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಕಾಲುಭಾಗ ತಿರುವಿದರೆ ಅದರ ಬಿಗಿ ತಿಳಿಯಬೇಕು. ತಿರುವಿದರು. ಮರದ ತುಂಡನ್ನು ಮುಟ್ಟಿದಂತಿತ್ತು. ಹಲ್ಲುಗಳನ್ನು ಎಣಿಸಲು ನೋಡಿದರು. ಒಂಬತ್ತಾದ ಮೇಲೆ ಹತ್ತೋ ಹನ್ನೊಂದೋ ತಿಳಿಯದೆ, ಮತ್ತೆ ಒಂದರಿಂದ ಆರಂಭಿಸಿದರು. ಮೂರನೆಯ ಸಲ ಕೈಯನ್ನು ಹೊರತೆಗೆದು ಸುಮ್ಮನೆ ಅದನ್ನೇ ನೋಡುತ್ತ ಕುಳಿತರು.

"ನೀನು ಒಂದ್ಸಲ ಹಾಕಿ ನೋಡು ಮನೋಹರ."

"ನನ್ನ ತೋಳಾ? ಮೊಣಕೈಗೇ ನಿಲ್ಲತ್ತೆ ಅಣ್ಣ. ದಿನಾ ಬೆಳಗ್ಗೆ ನಾಕು ಇಡ್ಲಿ ಸಾಕು ಅಂತ ನನ್ನವಳೂ ಹೇಳ್ತಾನೇ ಇದಾಳೆ."

ಹತ್ತು ಗಂಟೆಯ ಹೊತ್ತಿಗೆ ವರದರಾಜರೇ ಬಂದರು. ಎಪ್ಪತ್ತೇಳರ ವಯಸ್ಸು, ಮಡಿಕೆ ಮುರಿಯದ ಪಂಚೆ. ಬರುವ ಶುಕ್ರವಾರಕ್ಕೆ ಅವರಿಗೂ ಗೋದಾ ಅವರಿಗೂ ವಿವಾಹವಾಗಿ ಐವತ್ತು ವರ್ಷ. ಮದುವೆಯಾದ ಮೇಲುಕೋಟೆಗೆ ಇದೇ ಕಾರಿನಲ್ಲಿ ಮಡದಿಯನ್ನು ಕರೆದೊಯ್ಯುವುದೆಂದು ವರ್ಷದಿಂದ ನಿಶ್ಚಯವಾಗಿತ್ತು.

"ಬುಧವಾರಕ್ಕೆ ಸಿಗತ್ತಲ್ಲ ವೀರಭದ್ರಯ್ಯನವರೇ? ಗೋದಾ ಆಗಲೇ ಸೀರೆ ತೆಗ್ದಿಟ್ಟಿದಾಳೆ."

ವೀರಭದ್ರಯ್ಯ ಕೈಯನ್ನು ಬಟ್ಟೆಯಿಂದ ಒರೆಸಿಕೊಂಡರು. ಒರೆಸಲು ಏನೂ ಇರಲಿಲ್ಲ. ಅಂದಾಜಿನಲ್ಲಿ ಬೆಲ್ಟು ತೊಡಿಸಿ ಕಳುಹಿಸಿದರೆ ಬಹುಶಃ ಸರಿಯಾಗಿಯೇ ಇರುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಆ ಬಹುಶಃ ಎಂಬ ಮಾತಿನ ಮೇಲೆ ಇಬ್ಬರು ವೃದ್ಧರನ್ನು ಕೂರಿಸಿ ಮೇಲುಕೋಟೆಯ ಬೆಟ್ಟ ಹತ್ತಿಸಲು ಅವರ ಮನಸ್ಸು ಒಪ್ಪಲಿಲ್ಲ.

"ಎಂಜಿನ್ ಇಳಿಸ್ಬೇಕು ಸ್ವಾಮಿ. ಹದಿನೈದು ದಿನ ಆಗತ್ತೆ."

ವರದರಾಜರು ನಕ್ಕರು, ತಮಾಷೆಯೆಂದುಕೊಂಡರು. "ನೀವಾ? ಗಾಂಧಿಬಜಾರಲ್ಲಿ ಹೇಳಿದ್ರೆ ಯಾರೂ ನಂಬಲ್ಲ."

"ಬೆರಳಿಗೆ ತಿಳೀತಿಲ್ಲ," ಎಂದರು ವೀರಭದ್ರಯ್ಯ. "ಬೆಳಗ್ಗೆ ಬಿಸಿ ಲೋಟಾನೂ ತಿಳೀಲಿಲ್ಲ."

ವರದರಾಜರ ನಗೆ ನಿಂತಿತು. ಕಾರಿನ ಬಿಚ್ಚಿದ ಒಳಗನ್ನು ಒಮ್ಮೆ, ಮಿತ್ರನ ಕೈಯನ್ನು ಒಮ್ಮೆ ನೋಡಿದರು. "ಗೋದಾಗೆ ಏನು ಹೇಳೋದು ನಾನು?" ಎಂದಷ್ಟೇ ಹೇಳಿ ಹೊರಟುಹೋದರು. ಆ ಧ್ವನಿಯಲ್ಲಿ ಕೋಪವಿತ್ತೋ ದುಃಖವಿತ್ತೋ, ವೀರಭದ್ರಯ್ಯನವರಿಗೆ ರಾತ್ರಿಯವರೆಗೂ ಬಗೆಹರಿಯಲಿಲ್ಲ.

ಶುಕ್ರವಾರ ದಂಪತಿಗಳು ಬಾಡಿಗೆ ಕಾರಿನಲ್ಲಿ ಹೋದರೆಂಬ ಸುದ್ದಿ ಬಂದಿತು. ಅದೇ ದಿನ ಇಲ್ಲಿ ಸರಪಳಿಯಿಂದ ಕಾರಿನ ಮೈಯನ್ನು ಮೆಲ್ಲಮೆಲ್ಲನೆ ಮೇಲೆತ್ತಲಾಯಿತು. ಎಂಜಿನ್ನು ಕೆಳಗಿನ ಗಾಲಿಮಣೆಯ ಮೇಲೆ ಉಳಿಯಿತು. ಹತ್ತೊಂಬತ್ತು ವರ್ಷ ಮುಟ್ಟಿ ಮುಟ್ಟಿ ಬಲ್ಲ ಆ ವಸ್ತುವನ್ನು ವೀರಭದ್ರಯ್ಯ ಮೊದಲ ಬಾರಿಗೆ ಇಡಿಯಾಗಿ ಕಂಡರು. ತಾವು ಉಬ್ಬೆಂದು ತಿಳಿದಿದ್ದುದು ಅಚ್ಚಿನ ಅಕ್ಷರಗಳಾಗಿದ್ದವು. ಒರಟೆಂದಷ್ಟೇ ತಿಳಿದಿದ್ದ ಎಂಜಿನ್ನಿನ ಮೇಲುಮುಚ್ಚಳ ಕುಂಕುಮದ ಬಣ್ಣದ್ದಾಗಿತ್ತು. ಮುಖ ನೋಡದೆ ಪತ್ರದಲ್ಲೇ ಸ್ನೇಹ ಬೆಳೆಸಿದವರು ಎದುರಾದಂತೆ ಅವರು ಅದರ ಸುತ್ತ ಒಂದು ಸುತ್ತು ಬಂದರು.

ಆಗ ಕಂಡಿತು. ಕಿಂಡಿಯಿಂದ ಕೈ ಎಂದೂ ತಲುಪದ ಆಚೆಯ ಬದಿಯಲ್ಲಿ, ಪೆಟ್ರೋಲಿನ ರಬ್ಬರು ಕೊಳವೆಯೊಂದು ಒಡೆದು ಒಡೆದು ಬಿರುಕುಗಟ್ಟಿತ್ತು. ಬಿರುಕಿನಲ್ಲಿ ಪೆಟ್ರೋಲು ಬೆವರಿನಂತೆ ಜಿನುಗಿತ್ತು. ಅದರ ಗೇಣು ಕೆಳಗೇ ಕೆಂಡದಂತೆ ಕಾಯುವ ಹೊಗೆಕೊಳವೆ.

ಮನೋಹರ್ ಬಗ್ಗಿ ನೋಡಿ ನಾಲಗೆ ಕಚ್ಚಿಕೊಂಡ. "ಇಳಿಸಿದ್ದು ಒಳ್ಳೇದಾಯ್ತು ಅಣ್ಣ. ಇದು ಹೊಸದಾಗಿ ಬಿರಿದಿರ್ಬೇಕು ಅಲ್ವಾ?"

ವೀರಭದ್ರಯ್ಯ ಬಿರುಕಿನೊಳಗೆ ಗಟ್ಟಿಯಾಗಿ ಕೂತಿದ್ದ ಧೂಳನ್ನು ಕಡ್ಡಿಯಿಂದ ಕೆದಕಿದರು. "ಅಲ್ಲ. ಹೋದ್ಸಲ ಬೆಲ್ಟ್ ಹಾಕ್ದಾಗ್ಲೂ ಇತ್ತು," ಎಂದರು.

ಸೋಮವಾರ ವರದರಾಜರು ಮೇಲುಕೋಟೆಯ ಪುಳಿಯೋಗರೆಯ ಪೊಟ್ಟಣದೊಂದಿಗೆ ಬಂದಾಗ ವೀರಭದ್ರಯ್ಯ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟು, ಆ ಕೊಳವೆಯನ್ನು ಅವರ ಕೈಗಿತ್ತರು. ಏನು, ಎಲ್ಲಿತ್ತು, ಎಂದಿನಿಂದ ಇದ್ದಿರಬಹುದು, ಯಾವುದನ್ನೂ ಮರೆಮಾಚಲಿಲ್ಲ. "ನಾಕು ವರ್ಷ ಬೆಂಕಿ ಪಕ್ಕ ಕೂರ್ಸಿ ಓಡ್ಸಿದೀನಿ ನಿಮ್ಮನ್ನ. ಅದೃಷ್ಟ ನಿಮ್ದು, ಜಾಣತನ ನಂದಲ್ಲ. ಇನ್ಮೇಲೆ ಆ ಹೆಸರು ಹೇಳ್ಬೇಡಿ ಸ್ವಾಮಿ."

ವರದರಾಜರು ಕೊಳವೆಯನ್ನು ಬಹಳ ಹೊತ್ತು ಬಾಗಿಸಿ ನೋಡಿದರು. "ಹಡಗಲ್ಲಿ ಇಪ್ಪತ್ತೆಂಟು ವರ್ಷ ಎಂಜಿನ್ ನೋಡ್ದೋನು ನಾನು. ಇಳಿಸಿ ನೋಡಿ ಅಂತ ನಾನಾದ್ರೂ ಹೇಳ್ಬೇಕಿತ್ತು. ಹೊಗಳ್ಕೊಂಡು ಕೂತೆ," ಎಂದರು. ಬಳಿಕ ಸ್ಟೂಲೊಂದನ್ನು ಎಳೆದುಕೊಂಡು ಎಂಜಿನ್ನಿನ ಎದುರು ಕುಳಿತರು. "ನಿಧಾನವಾಗಿ ಮಾಡಿ. ನಾನೂ ನೋಡ್ತೀನಿ."

ಹೊಸ ಬೆಲ್ಟುಗಳನ್ನು ತೊಡಿಸಿ ಹಲ್ಲುಚಕ್ರಗಳ ಮೇಲಿನ ಗುರುತುಗಳನ್ನು ಕೂಡಿಸಿದ್ದಾಯಿತು. ಬಿಗಿಯನ್ನು ಪರೀಕ್ಷಿಸುವುದೊಂದೇ ಬಾಕಿ. ವೀರಭದ್ರಯ್ಯ ಬದಿಗೆ ಸರಿದು ಮನೋಹರನಿಗೆ ಜಾಗ ಮಾಡಿಕೊಟ್ಟರು.

"ಹೆಬ್ಬೆರಳು ಒಳಗಡೆ. ಕಾಲುಭಾಗ ತಿರುಗ್ಸು. ಏನು ಅನ್ಸತ್ತೆ?"

"ಸ್ವಲ್ಪ ಬಿಗಿ ಅಣ್ಣ."

"ಎಷ್ಟು ಸ್ವಲ್ಪ? ಸರಿಯಾಗಿ ಹೇಳು."

ಮನೋಹರ್ ಕಣ್ಣು ಮುಚ್ಚಿಕೊಂಡ.